ಸೋರುವ ಸೊಂಟಕ್ಕೊಂದು ಕೈಪಿಡಿ

ಅಭಿನಂದನೆ

ಹಳೆಯ ಫೈಬರ್‌ಗ್ಲಾಸ್ ಟ್ರೇಲರ್ ಕೊಂಡ ತಮಗೆ ಅಭಿನಂದನೆಗಳು. ಕಾರಿನ ಬೆನ್ನಿಗೆ ಕಟ್ಟಿಕೊಂಡು ಹೋಗಿ, ಸರೋವರದ ದಡದಲ್ಲಿ ನಿಲ್ಲಿಸಿ, ಒಳಗೇ ಅಡುಗೆ ಮಾಡಿ ಉಂಡು ಮಲಗುವ ಈ ಹದಿಮೂರು ಅಡಿಯ ಮನೆಗೆ ತಯಾರಕರ ಕೈಪಿಡಿಯೂ ಒಂದು ಇದ್ದಿರಬೇಕು. ಅದನ್ನು ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದ ಎಂದೋ ನೆನೆದು ಮುದ್ದೆಯಾಗಿದೆ. ಅದರ ಬದಲಿಗೆ ಇದು.

ಪೂರ್ತಿ ಓದಿದ ನಂತರವೇ ಕೆಲಸ ಶುರುಮಾಡಿ ಎಂದು ಬರೆಯುವುದು ವಾಡಿಕೆ. ಯಾರೂ ಹಾಗೆ ಮಾಡುವುದಿಲ್ಲ. ಕಡೇಪಕ್ಷ ಹಂತ 3 ಮುಗಿಯುವ ತನಕ ಗ್ರೈಂಡರಿನ ಪ್ಲಗ್ ಚುಚ್ಚಬೇಡಿ.

ಉತ್ಪನ್ನ ಪರಿಚಯ

1968ರಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್‌ನಲ್ಲಿ ರೇ ಒಲೆಕೊ ಎಂಬುವರು ಬೋಲರ್ ಎಂಬ ಟ್ರೇಲರ್ ತಯಾರಿಸಿದರು. ಚಾಪ್ಲಿನ್ ತಲೆಯ ಮೇಲಿರುತ್ತಿದ್ದ ದುಂಡು ಟೋಪಿಯ ಆಕಾರ, ಆ ಟೋಪಿಯದೇ ಹೆಸರು. ಖಾಲಿ ತೂಕ ಅರ್ಧ ಟನ್ನಿನ ಆಸುಪಾಸು. ಸಣ್ಣ ಕಾರೂ ಎಳೆಯಬಲ್ಲಷ್ಟು ಹಗುರ. ಆಮೇಲೆ ಅದೇ ಜಾಡಿನಲ್ಲಿ ಒಂಟಾರಿಯೋದ ಟ್ರಿಲಿಯಂ, ಮಿನೆಸೋಟದ ಬ್ಯಾಕಸ್ ಎಂಬ ಪುಟ್ಟ ಊರಿನ ಸ್ಕ್ಯಾಂಪ್, 1983ರಲ್ಲಿ ಟೆಕ್ಸಸ್ಸಿನ ಕಸೀಟ ಬಂದವು. ಉತ್ತರ ಅಮೆರಿಕದಲ್ಲಿ ಇವಕ್ಕೆಲ್ಲ ಸೇರಿ ‘ಮೊಟ್ಟೆ’ ಎಂದು ಅಡ್ಡಹೆಸರು.

ಆ ಕಾಲದ ಬೇರೆ ಟ್ರೇಲರ್‌ಗಳೆಂದರೆ ಮರದ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು, ಮೂಲೆ ಮೂಲೆಗೂ ಸಂದು. ಪ್ರತಿ ಸಂದಿನಿಂದಲೂ ನೀರು, ಪ್ರತಿ ನೀರಿನಿಂದಲೂ ಮರ ಕೊಳೆ. ಬೋಲರ್ ಆ ಕತೆಯನ್ನೇ ಬದಲಿಸಿತು. ಅಚ್ಚಿನಲ್ಲಿ ತೆಗೆದ ಎರಡೇ ಹೋಳು: ಮೇಲಿನದೊಂದು, ಕೆಳಗಿನದೊಂದು. ಎರಡನ್ನೂ ನಡುಮಟ್ಟದಲ್ಲಿ ಕೂಡಿಸಿ, ಒಳಗಿನಿಂದ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ, ಹೊರಗಿನಿಂದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಸುತ್ತಲೂ ರಿವೆಟ್ ಹೊಡೆದು ಕೂರಿಸಿದರೆ ಮುಗಿಯಿತು. ನೂರು ಸಂದಿನ ಜಾಗದಲ್ಲಿ ಒಂದೇ ಸಂದು.

ಗಾಡಿಯ ಹೆಗ್ಗಳಿಕೆಯೂ ಅದೇ, ಅದರ ಗ್ರಹಚಾರವೂ ಅದೇ. ಇರುವುದು ಒಂದೇ ಸಂದು ಎಂದಾಗ ಒಳಗೆ ಎಲ್ಲಿ ಹನಿ ಕಂಡರೂ ಅಪವಾದ ಬರುವುದು ಅದರ ಮೇಲೆಯೇ.

ಪರಿಭಾಷೆ

*ಸಂದು:* ಎರಡು ಹೋಳು ಕೂಡುವ ಗೆರೆ. ಬಾಗಿಲಿನ ಜಾಗ ಬಿಟ್ಟು ಗಾಡಿಯನ್ನು ಪೂರ್ತಿ ಸುತ್ತುತ್ತದೆ.

*ಡಾಬು:* ಸಂದಿನ ಮೇಲೆ ಹೊರಗಡೆ ಕೂರಿಸಿದ ಅಲ್ಯೂಮಿನಿಯಂ ಪಟ್ಟಿ. ಸೊಂಟದ ಡಾಬಿನ ಹಾಗೆ ಇದೂ ಹೆಚ್ಚಾಗಿ ಅಲಂಕಾರಕ್ಕೆ. ಮೈಯನ್ನು ಹಿಡಿದಿಟ್ಟಿರುವುದು ಒಳಗಿನ ಪಟ್ಟಿ. ಡಾಬನ್ನು ಮಾತ್ರ ಬಿಗಿದು ರಿಪೇರಿ ಆಯಿತೆಂದು ತಿಳಿಯುವವರು ಬಹಳ ಮಂದಿ.

*ಹಿಂದಿನ ಮಾಲೀಕರು:* ಇನ್ನು ಮುಂದೆ ಈ ಪತ್ರದಲ್ಲಿ ‘ಹಿಂಮಾ’ ಎಂದು ಕರೆಯಲ್ಪಡುವರು. ಈ ಪದದಲ್ಲಿ ಅವರ ಹಿಂದಿನವರು, ಆ ಹಿಂದಿನವರ ಬಾವಮೈದುನ, ಮತ್ತು ಸಿಲಿಕೋನ್ ಟ್ಯೂಬ್ ಹಿಡಿದು ಈ ಗಾಡಿಯ ಹತ್ತಿರ ಸುಳಿದ ಸರ್ವರೂ ಅಡಕವಾಗಿರುತ್ತಾರೆ.

ಸುರಕ್ಷಾ ಸೂಚನೆಗಳು

ಈ ಭಾಗದಲ್ಲಿ ತಮಾಷೆಯಿಲ್ಲ.

ಫೈಬರ್‌ಗ್ಲಾಸ್ ಅಂಟಿಸಲು ಬಳಸುವ ಪಾಲಿಯೆಸ್ಟರ್ ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿಯನ್ನು ಧೂಳಿನ ಮಾಸ್ಕ್ ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಬೇಕು. ಹದಿಮೂರು ಅಡಿಯ ಡಬ್ಬದೊಳಗೆ ಕೂತು ಕೆಲಸ ಮಾಡುವವರು ಬಾಗಿಲು, ಕಿಟಕಿ, ಚಾವಣಿಯ ಗಾಳಿಗಂಡಿ ಮೂರನ್ನೂ ತೆರೆದು ಫ್ಯಾನ್ ಇಡಬೇಕು.

ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್, ಅಂದರೆ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಾದಾ ಕನ್ನಡಕ ಸಾಲದು. ಸುತ್ತಲೂ ಮುಚ್ಚುವ ಗಾಗಲ್ ಧರಿಸಿ.

ಗ್ರೈಂಡರ್ ಹಿಡಿದಾಗ ಏಳುವ ಗಾಜಿನ ಪುಡಿ ಚರ್ಮದೊಳಕ್ಕೆ ಹೊಕ್ಕು ನವೆ ಎಬ್ಬಿಸುತ್ತದೆ. ತುಂಬು ತೋಳಿನ ಅಂಗಿ ತೊಟ್ಟು, ಮಣಿಕಟ್ಟಿಗೆ ಟೇಪ್ ಸುತ್ತಿಕೊಳ್ಳಿ. ಮುಗಿದ ಮೇಲೆ ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳಿ. ಆ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕಿದರೆ ನವೆ ಕುಟುಂಬದ ಆಸ್ತಿಯಾಗುತ್ತದೆ, ಮತ್ತು ಅದರ ಪಾಲುಪಟ್ಟಿಯಲ್ಲಿ ತಮಗೆ ಜಾಸ್ತಿ ಬರುತ್ತದೆ.

(ತಮಾಷೆಯಿಲ್ಲ ಎಂದಿದ್ದೆವು. ಕ್ಷಮಿಸಿ.)

ಹಂತ 1: ಸೋರುತ್ತಿರುವುದು ಸಂದೇ ಹೌದೇ ಎಂದು ನೋಡುವುದು

ನೀರು ಒಳಗೆ ಬರುವ ಜಾಗ ಬೇರೆ, ಬಂದೆನೆಂದು ತೋರಿಸಿಕೊಳ್ಳುವ ಜಾಗ ಬೇರೆ. ಚಾವಣಿಯ ಗಾಳಿಗಂಡಿಯ ಅಂಚಿನಲ್ಲಿ ಹೊಕ್ಕ ಹನಿ, ಗೋಡೆಗೂ ಒಳಗಿನ ಫೋಮ್ ಹೊದಿಕೆಗೂ ನಡುವೆ ಸದ್ದಿಲ್ಲದೆ ಇಳಿದು, ಸಂದಿನ ಪಟ್ಟಿಯ ಅಂಚು ಹಿಡಿದು ಸುತ್ತಿ, ಗಾಡಿಯ ಇನ್ನೊಂದು ತುದಿಯ ಹಾಸಿಗೆ ಕೆಳಗೆ ಪ್ರತ್ಯಕ್ಷವಾಗುತ್ತದೆ. ಅದನ್ನು ಕಂಡ ಹಿಂಮಾ ನೇರ ಮೇಲಿದ್ದ ಸಂದಿಗೆ ಸಿಲಿಕೋನ್ ಬಳಿಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ನೀರಿನ ಪೈಪ್ ಹಿಡಿದು ಹೊರಗೆ. ಕೆಳಗಿನಿಂದ ಶುರುಮಾಡಿ: ಮೊದಲು ಡಾಬಿನ ಕೆಳಗೆ, ಆಮೇಲೆ ಡಾಬು, ಆಮೇಲೆ ಕಿಟಕಿ, ಆಮೇಲೆ ರಿವೆಟ್‌ಗಳು, ಕೊನೆಗೆ ಚಾವಣಿ. ಒಂದೊಂದು ಮಟ್ಟಕ್ಕೂ ಹಲವು ನಿಮಿಷ ಕೊಡಿ. ಮೇಲಿನಿಂದ ಹೊಯ್ದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಕಳ್ಳ ಯಾರೆಂದು ತಿಳಿಯುವುದಿಲ್ಲ. ಒಳಗಿನವರು “ಬಂತು” ಎಂದು ಕೂಗಿದಾಗ ಹೊರಗಿನವರು “ಏನು ಬಂತು?” ಎಂದು ಕೇಳಬಾರದು, ಪೈಪ್ ತಿರುಗಿಸಬೇಕು. ದಂಪತಿಗಳು ಈ ಪರೀಕ್ಷೆ ಮಾಡುವುದಾದರೆ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಹಿಂದಿನ ದಿನವೇ ತೀರ್ಮಾನಿಸಿಕೊಳ್ಳಿ.

ಒಬ್ಬರೇ ಇದ್ದರೆ ಇನ್ನೊಂದು ದಾರಿಯಿದೆ. ಎಲೆ ಗುಡಿಸುವ ಬ್ಲೋವರನ್ನು ಗಾಳಿಗಂಡಿಗೆ ಕೂರಿಸಿ, ಸುತ್ತ ಟೇಪ್ ಹಾಕಿ, ಒಳಗೆ ಗಾಳಿ ತುಂಬಿಸಿ. ಹೊರಗಿನಿಂದ ಸಂದು, ಕಿಟಕಿ, ರಿವೆಟ್‌ಗಳ ಮೇಲೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲಿ ತೂತು. ಪಂಕ್ಚರ್ ಅಂಗಡಿಯ ವಿದ್ಯೆಯೇ, ಟ್ಯೂಬು ಮಾತ್ರ ದೊಡ್ಡದು.

ಮೂರನೆಯ ಸಾಧ್ಯತೆಯನ್ನು ಮರೆಯಬೇಡಿ: ಅದು ಸೋರಿಕೆಯೇ ಅಲ್ಲದಿರಬಹುದು. ಚಳಿಯ ರಾತ್ರಿ ಬಾಗಿಲು ಮುಚ್ಚಿ ನಾಲ್ವರು ಮಲಗಿ, ಬೆಳಿಗ್ಗೆ ಕಾಫಿಗೆ ನೀರು ಕುದಿಸಿದರೆ ಆ ಉಸಿರೂ ಆವಿಯೂ ತಣ್ಣನೆಯ ಗೋಡೆಗೆ ತಾಗಿ ಹನಿಯಾಗಲೇಬೇಕು. ಅನುಮಾನವಿದ್ದರೆ ಗೋಡೆಗೆ ಅಂಗೈಯಗಲ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಮಲಗಿ. ಬೆಳಿಗ್ಗೆ ಫಾಯಿಲಿನ ತಮ್ಮ ಕಡೆಯ ಮೈ ಒದ್ದೆಯಾಗಿದ್ದರೆ ನೀರಿನ ಮೂಲ ತಾವೇ. ತಮ್ಮನ್ನು ರೆಸಿನ್‌ನಿಂದ ಮುಚ್ಚುವ ವಿಧಾನ ಈ ಕೈಪಿಡಿಯಲ್ಲಿಲ್ಲ. ಕಿಟಕಿ ಸ್ವಲ್ಪ ತೆರೆದಿಡಿ.

ಹಂತ 2: ಸಂದು ಬಿರಿದದ್ದೇಕೆ ಎಂದು ಕೇಳುವುದು

ಸಂದು ತನ್ನಷ್ಟಕ್ಕೆ ಬಿರಿಯುವುದು ಕಡಿಮೆ. ಗುಂಡಿ ಬಿದ್ದ ರಸ್ತೆ, ಹಳತಾದ ಆಕ್ಸಲ್, ಇಡೀ ಗಾಡಿಯನ್ನು ಹೊತ್ತ ಚಾಸಿ, ಇವುಗಳಲ್ಲಿ ಯಾವುದೋ ಒಂದು ಅದನ್ನು ವರ್ಷಗಟ್ಟಲೆ ಎಳೆದಿರುತ್ತದೆ. ಗಾಡಿಯ ಕೆಳಗೆ ಮಲಗಿ ಚಾಸಿ ನೋಡಿ. ಮುಂಭಾಗದಲ್ಲಿ ಕೊಂಡಿಯ ಕಡೆಗೆ ಚಾಸಿ ಬಾಗುವ ಜಾಗವೇ ಹಳೆಯ ಬೋಲರ್‌ಗಳಲ್ಲಿ ಸೀಳುವ ಜಾಗ. ಅಲ್ಲಿ ಕೂದಲೆಳೆಯ ಬಿರುಕು ಕಂಡರೂ ರೆಸಿನ್ ಡಬ್ಬ ಮುಚ್ಚಿಟ್ಟು ವೆಲ್ಡರ್ ಹತ್ತಿರ ಹೋಗಿ. ಮುರಿದ ಚಾಸಿಯ ಮೇಲೆ ಹೊಸ ಸಂದು ಹಾಕಿದರೆ ಆ ಸಂದಿನ ಆಯುಸ್ಸು ಮುಂದಿನ ರೈಲ್ವೆ ಕ್ರಾಸಿಂಗ್‌ವರೆಗೆ.

ಚಳಿಗಾಲ ಉಳಿದದ್ದನ್ನು ನೋಡಿಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಶರತ್ಕಾಲದಲ್ಲಿ ಬಿರುಕಿನೊಳಗೆ ನಿಂತ ಹನಿ ಮ್ಯಾನಿಟೋಬಾದ ಜನವರಿಯಲ್ಲಿ ಬೆಣೆಯಾಗುತ್ತದೆ. ಏಪ್ರಿಲ್‌ನಲ್ಲಿ ಕರಗಿ ಹೋಗುವಾಗ ಮುಂದಿನ ವರ್ಷಕ್ಕೆ ಇನ್ನಷ್ಟು ದೊಡ್ಡ ಜಾಗ ಮಾಡಿಟ್ಟು ಹೋಗುತ್ತದೆ.

ಹಂತ 3: ಆಕಾರಕ್ಕೆ ತರುವುದು

ಒಳಗಿನ ಸಂದು ಕೈಗೆ ಸಿಗಬೇಕಾದರೆ ಕಪಾಟು, ಬೆಂಚು, ಫೋಮ್ ಹೊದಿಕೆ ಕಳಚಬೇಕು. ಆದರೆ ನೆಲದಿಂದ ಚಾವಣಿಯವರೆಗೆ ನಿಂತಿರುವ ಅಲಮಾರಿಯನ್ನು ಬಟ್ಟೆ ಇಡಲೆಂದು ಮಾತ್ರ ಇಟ್ಟದ್ದಲ್ಲ. ಚಾವಣಿಯ ಭಾರದಲ್ಲಿ ಒಂದಂಶ ಅದರ ತಲೆಯ ಮೇಲಿದೆ. ಎಲ್ಲವನ್ನೂ ಒಮ್ಮೆಲೇ ಕಿತ್ತು ಹಾಕಿದರೆ ಮೇಲಿನ ಹೋಳು ಮೆಲ್ಲಗೆ ಕುಸಿದು, ಕೆಳಗಿನದು ಹೊರಕ್ಕೆ ಉಬ್ಬಿ, ಬಾಗಿಲು ಚೌಕಟ್ಟಿನ ಜೊತೆ ಮಾತುಬಿಡುತ್ತದೆ. ಕಳಚುವ ಮೊದಲೇ ಮರದ ತುಂಡುಗಳಿಂದ ಚಾವಣಿಗೆ ಆಸರೆ ಕೊಡಿ.

ಗಾಡಿಯ ನಾಲ್ಕು ಮೂಲೆಗೂ ಜಾಕ್ ಕೊಟ್ಟು, ರಸಮಟ್ಟ ಇಟ್ಟು ಸಮ ಮಾಡಿ. ಆಮೇಲೆ ಬಾಗಿಲು ಹಾಕಿ ನೋಡಿ. ಈ ಗಾಡಿಯ ಬಾಗಿಲು ಮೈಯ ದುಂಡಗಿನ ಬಾಗನ್ನೇ ಅನುಸರಿಸುತ್ತದೆ. ಸುತ್ತಲಿನ ಅಂತರ ಒಂದೇ ಅಳತೆಯಲ್ಲಿದ್ದರೆ ಗಾಡಿ ತನ್ನ ಹುಟ್ಟಿನ ಆಕಾರದಲ್ಲಿದೆ ಎಂದರ್ಥ. ಇಲ್ಲದಿದ್ದರೆ ಸರಿಯಾಗುವವರೆಗೆ ಜಾಕ್ ಏರಿಸಿ ಇಳಿಸಿ. ಏಕೆಂದರೆ ರೆಸಿನ್‌ಗೆ ನೆಟ್ಟಗೆ ಸೊಟ್ಟಗೆ ಭೇದ ಗೊತ್ತಿಲ್ಲ. ಹೇಗಿಟ್ಟಿರೋ ಹಾಗೇ ಇಡುತ್ತದೆ, ಶಾಶ್ವತವಾಗಿ.

ಹಂತ 4: ಹಿಂಮಾ ಅವರ ಕುರುಹುಗಳನ್ನು ತೆಗೆಯುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವ ಹಂತ ಇದು. ಮಿಕ್ಕ ಕೈಪಿಡಿಗಳಲ್ಲಿ ಇದಕ್ಕೆ ಸಿಗುವುದು ‘ಹಳೆಯ ಸೀಲೆಂಟನ್ನು ತೆಗೆಯಿರಿ’ ಎಂಬ ಮೂರು ಪದ.

ಡಾಬಿನ ಒಳಗಿನ ವಿನೈಲ್ ಪಟ್ಟಿ ಎಳೆದು ತೆಗೆಯಿರಿ. ರಿವೆಟ್ ತಲೆಗಳನ್ನು ಡ್ರಿಲ್‌ನಿಂದ ಕೊರೆದು ಡಾಬನ್ನು ಬಿಡಿಸಿ. ಅದರ ಕೆಳಗೆ ಪದರ ಪದರವಾಗಿ ಗಾಡಿಯ ಚರಿತ್ರೆ ಕಾಣಿಸುತ್ತದೆ. ಮೇಲೆ ಬಿಳಿ ಸಿಲಿಕೋನ್: ಇತ್ತೀಚಿನ ಹಿಂಮಾ. ಅದರ ಕೆಳಗೆ ಪಾರದರ್ಶಕ ಸಿಲಿಕೋನ್: ನಾಜೂಕಿನ ಹಿಂಮಾ. ಅದರ ಕೆಳಗೆ ಚಾವಣಿಗೆ ಬಳಿಯುವ ಡಾಂಬರು: ಹತಾಶ ಹಿಂಮಾ. ಎಲ್ಲಕ್ಕಿಂತ ಕೆಳಗೆ, ಕಾರ್ಖಾನೆಯವರು ಹಾಕಿದ್ದು, ಬಹುಶಃ ಇನ್ನೂ ಚೆನ್ನಾಗಿಯೇ ಇರುವುದು.

ಸಿಲಿಕೋನ್ ಸ್ನಾನದ ಮನೆಯ ಟೈಲ್ಸಿಗೆ ಒಳ್ಳೆಯದು. ಇಲ್ಲಿ ಅದರ ದೋಷ ಏನೆಂದರೆ, ತಾನು ಹೋದ ಮೇಲೂ ಎಣ್ಣೆಯಂಥ ತೆಳು ಪೊರೆ ಬಿಟ್ಟು ಹೋಗುತ್ತದೆ. ಅದರ ಮೇಲೆ ರೆಸಿನ್ ಹಿಡಿಯದು, ಬಣ್ಣ ಹಿಡಿಯದು, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯದು. ಆದ್ದರಿಂದ ಕ್ರಮ ತಪ್ಪಬಾರದು. ಮೊದಲು ಪ್ಲಾಸ್ಟಿಕ್ ಸ್ಕ್ರೇಪರ್, ಆಮೇಲೆ ಸಿಲಿಕೋನ್ ಕರಗಿಸುವ ದ್ರವ, ಆಮೇಲೆ ಒರೆಸುವುದು, ಎಲ್ಲ ಮುಗಿದ ಮೇಲೆಯೇ ಉಪ್ಪುಕಾಗದ. ಅವಸರಕ್ಕೆ ಮೊದಲೇ ಉಜ್ಜಿದರೆ ಸಿಲಿಕೋನ್ ಗೀರುಗಳೊಳಗೆ ಇಳಿದು ಅಲ್ಲೇ ನೆಲೆಸುತ್ತದೆ.

ಸ್ವಚ್ಛವಾಯಿತೇ ಎಂದು ತಿಳಿಯಲು ನೀರು ಚಿಮುಕಿಸಿ. ನೀರು ಒಂದೇ ಹಾಳೆಯಾಗಿ ಹರಡಿದರೆ ಸ್ವಚ್ಛ. ಕೆಸುವಿನೆಲೆಯ ಮೇಲಿನಂತೆ ಮಣಿಗಟ್ಟಿ ನಿಂತರೆ ಹಿಂಮಾ ಇನ್ನೂ ಅಲ್ಲಿದ್ದಾರೆ. ಮತ್ತೆ ಮೊದಲಿನಿಂದ.

ಈ ಹಂತದಲ್ಲಿ ಹಿಂಮಾ ಅವರನ್ನು ಬೈಯುವುದಕ್ಕೆ ಅನುಮತಿಯಿದೆ. ಆದರೆ ಬೈಯುವಾಗ ಒಂದು ಸಂಗತಿ ನೆನಪಿರಲಿ: ಅವರಲ್ಲಿ ಯಾರೂ ಗಾಡಿ ಹಾಳಾಗಲೆಂದು ಹೀಗೆ ಮಾಡಿದವರಲ್ಲ. ನಾಳೆ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೊರಡಬೇಕಿತ್ತು, ಮೋಡ ಕವಿದಿತ್ತು, ಅಂಗಡಿಯಲ್ಲಿ ಸಿಕ್ಕಿದ್ದು ಆ ಟ್ಯೂಬು.

ಹಂತ 5: ಕೆತ್ತುವುದು

ಈಗ ಗ್ರೈಂಡರ್.

ಬಿರುಕಿನ ಎರಡೂ ಬದಿಯನ್ನು ಒಳಗಡೆಯಿಂದ ಇಳಿಜಾರಾಗಿ ಕೆತ್ತಬೇಕು. ದೋಣಿ ರಿಪೇರಿ ಮಾಡುವವರ ಲೆಕ್ಕ ಒಂದಕ್ಕೆ ಹನ್ನೆರಡು. ಗೋಡೆ 3 ಮಿಲಿಮೀಟರ್ ದಪ್ಪವಿದ್ದರೆ ಇಳಿಜಾರು ಬಿರುಕಿನಿಂದ ಅತ್ತ 36, ಇತ್ತ 36 ಮಿಲಿಮೀಟರ್. ಹೊಸ ಪದರಕ್ಕೂ ಹಳೆಯ ಗೋಡೆಗೂ ರಾಸಾಯನಿಕ ನಂಟು ಬೆಳೆಯುವುದಿಲ್ಲ. ಹಳೆಯ ರೆಸಿನ್ ದಶಕಗಳ ಹಿಂದೆಯೇ ಒಣಗಿ ಮುಗಿದಿದೆ. ಈಗ ಹೊಸತು ಹಳತನ್ನು ಹಿಡಿಯಬೇಕಾದ್ದು ಗೀರುಗಳನ್ನು ಕಚ್ಚಿಕೊಂಡು. ಹಾಗಾಗಿ ಒರಟು ಕಾಗದವೇ ಬೇಕು, 36ರಿಂದ 80 ಗ್ರಿಟ್. ನುಣುಪಾಗಿ ಹೊಳೆಯುವಂತೆ ಉಜ್ಜಿ ಸಂತೋಷಪಡಬೇಡಿ.

ಹಂತ 6: ರೆಸಿನ್ ಆರಿಸುವುದು

ಎರಡು ಪಂಥಗಳಿವೆ. ಪಾಲಿಯೆಸ್ಟರ್ ಪಂಥದವರು ಹೇಳುವುದು: ಗಾಡಿ ಹುಟ್ಟಿದ್ದೇ ಅದರಿಂದ, ಅಗ್ಗ, ಮೇಲೆ ಹೊಳಪಿನ ಹೊರಪದರವಾದ ಜೆಲ್‌ಕೋಟ್ ಚೆನ್ನಾಗಿ ಕೂರುತ್ತದೆ. ಎಪಾಕ್ಸಿ ಪಂಥದವರು ಹೇಳುವುದು: ಹಳೆಯ ಗೋಡೆಯನ್ನು ಎಪಾಕ್ಸಿಯಷ್ಟು ಗಟ್ಟಿಯಾಗಿ ಇನ್ನಾವುದೂ ಹಿಡಿಯದು. ಇಬ್ಬರೂ ಹೇಳುವುದು ನಿಜ. ಬೆರಕೆ ಮಾತ್ರ ಅಪಾಯ. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಾಕಬಹುದು. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಾಕಿದರೆ ಸರಿಯಾಗಿ ಗಟ್ಟಿಯಾಗದೆ ಕೈಕೊಡುತ್ತದೆ.

ಫೈಬರ್‌ಗ್ಲಾಸ್ ಮ್ಯಾಟ್ ಕೊಳ್ಳುವಾಗಲೂ ನೋಡಿ. ಚೂರು ಚೂರು ಎಳೆಗಳನ್ನು ಅಂಟಿನಿಂದ ಹಿಡಿದಿಟ್ಟ ಸಾಮಾನ್ಯ ಮ್ಯಾಟ್‌ನ ಆ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಆ ಮ್ಯಾಟ್ ಎಪಾಕ್ಸಿಯಲ್ಲಿ ಮೆತ್ತಗಾಗದೆ ಮೂಲೆಗಳಲ್ಲಿ ಸೆಟೆದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆ, ಇಲ್ಲವೇ ದಾರದಲ್ಲಿ ಹೊಲಿದ ಮ್ಯಾಟ್ ಬೇಕು.

ಪಾಲಿಯೆಸ್ಟರ್ ಆದರೆ ಹಾರ್ಡ್‌ನರ್ ಶೇ 1ರಿಂದ 2. ಬಿಸಿಲು ಹೆಚ್ಚಿದ್ದರೆ ಕಡಿಮೆ, ತಂಪಿದ್ದರೆ ತುಸು ಹೆಚ್ಚು. ಇಲ್ಲಿ ‘ಒಂದು ಚಿಟಿಕೆ’, ‘ಕೈಯಂದಾಜು’ ನಡೆಯುವುದಿಲ್ಲ, ತಕ್ಕಡಿ ಬೇಕು. ಕಡಿಮೆಯಾದರೆ ಎಂದೆಂದಿಗೂ ಅಂಟಂಟು. ಹೆಚ್ಚಾದರೆ ಕಲಸುವ ಡಬ್ಬದಲ್ಲೇ ಕುದಿದು ಹೊಗೆಯಾಡುತ್ತದೆ. ಹಾಗಾದಾಗ ಅದನ್ನು ಕಸದ ಬುಟ್ಟಿಗೆ ಎಸೆಯದೆ, ಹೊರಗೆ ಬರಿನೆಲದ ಮೇಲೆ ತಣ್ಣಗಾಗಲು ಬಿಡಿ.

ಹಂತ 7: ಅಂಟಿಸುವುದು

ಕೆತ್ತಿದ ಜಾಗವನ್ನು ಅಸಿಟೋನ್‌ನಿಂದ ಒರೆಸಿ ಆರಲು ಬಿಡಿ. ಮ್ಯಾಟ್ ಪಟ್ಟಿಗಳನ್ನು ಮೊದಲೇ ಕತ್ತರಿಸಿ ಸಾಲಾಗಿ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದು ಮೊಳ ಸಂದಿಗೆ ಸಾಕಾಗುವಷ್ಟೇ ರೆಸಿನ್ ಕಲಸಿ. ಮೊದಲು ಗೋಡೆಗೆ ರೆಸಿನ್ ಬಳಿದು, ಅದರ ಮೇಲೆ ಮ್ಯಾಟ್ ಕೂರಿಸಿ, ಬ್ರಷ್‌ನಿಂದ ಕುಕ್ಕಿ ಕುಕ್ಕಿ ನೆನೆಸಿ. ಬೆಳ್ಳಗಿದ್ದ ಮ್ಯಾಟ್ ಪಾರದರ್ಶಕವಾದಾಗ ಅದು ಕುಡಿದು ತೃಪ್ತವಾಗಿದೆ. ಇನ್ನೂ ಬಿಳಿ ಚುಕ್ಕೆ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಗೆರೆಗಳಿರುವ ಲೋಹದ ರೋಲರ್ ಉರುಳಿಸಿ ಹೊರದೂಡಿ.

ರೆಸಿನ್ ಗಟ್ಟಿಯಾಗತೊಡಗಿದ ಮೇಲೆ ಯಾರ ಮಾತೂ ಕೇಳುವುದಿಲ್ಲ. ಊಟಕ್ಕೆ ಕರೆ ಬರುವುದು ಸರಿಯಾಗಿ ಆಗಲೇ ಎಂಬುದು ಪರೀಕ್ಷಿತ ಸತ್ಯ. ಊರಿನಿಂದ ಅಮ್ಮನ ವಿಡಿಯೋ ಕಾಲ್ ಕೂಡ ಆಗಲೇ ಬರುತ್ತದೆ. “ಅಲ್ಲ ಕಣೋ, ಇರೋ ಮನೆ ಸೋರಲ್ಲ ಅಂತ ಸೋರೋ ಮನೆ ತಗೊಂಡ್ಯಾ?” ಎಂಬ ಪ್ರಶ್ನೆಗೆ ರೆಸ್ಪಿರೇಟರ್ ಹಾಕಿಕೊಂಡು ಉತ್ತರಿಸಲಾಗದು. ಅದು ರೆಸ್ಪಿರೇಟರಿನ ಹೆಚ್ಚುವರಿ ಲಾಭ.

ಕೆಲಸಕ್ಕೆ ಹವೆ ಕನಿಷ್ಠ 15 ಡಿಗ್ರಿಯಾದರೂ ಬೇಕು. ಮ್ಯಾನಿಟೋಬಾದಲ್ಲಿ ರೆಸಿನ್‌ಗೆ ಒಪ್ಪುವ ಕಾಲವೂ ಸೊಳ್ಳೆಗೆ ಒಪ್ಪುವ ಕಾಲವೂ ಒಂದೇ. ಹೊರಗೆ ಬಳಿದ ಜೆಲ್‌ಕೋಟ್‌ನಲ್ಲಿ ಸಿಕ್ಕಿಬಿದ್ದ ಸೊಳ್ಳೆಯನ್ನು ಒದ್ದೆಯಿದ್ದಾಗ ಕೀಳಲು ಹೋಗಬೇಡಿ; ಗಟ್ಟಿಯಾದ ಮೇಲೆ ಉಜ್ಜಿ. ಅಂದ ಹಾಗೆ, ಸಾದಾ ಜೆಲ್‌ಕೋಟ್ ಗಾಳಿಗೆ ತೆರೆದಿದ್ದರೆ ಮೇಲ್ಮೈ ಅಂಟಾಗಿಯೇ ಉಳಿಯುತ್ತದೆ. ಮೇಣ ಬೆರೆಸಿದ್ದನ್ನು ಬಳಸಿ, ಇಲ್ಲವೇ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಗಾಳಿ ತಪ್ಪಿಸಿ.

ಹಂತ 8: ಡಾಬು ತೊಡಿಸುವುದು

ಡಾಬಿನ ಹಿಂಬದಿಗೆ ಬ್ಯುಟೈಲ್ ಟೇಪ್ ಹಾಕಿ. ಅದು ಎಂದೂ ಪೂರ್ತಿ ಗಟ್ಟಿಯಾಗದೆ ಮೆತ್ತಗೇ ಇರುತ್ತದೆ; ಗಾಡಿ ಕುಲುಕಿದಾಗ ತಾನೂ ಕುಲುಕುತ್ತದೆ, ಮುಂದೆ ಬಿಚ್ಚುವವರಿಗೂ ಬಿಟ್ಟುಕೊಡುತ್ತದೆ. ರಿವೆಟ್‌ಗಳನ್ನು ಹೊಸದಾಗಿ ಹೊಡೆಯುವಾಗ ನಡುವೆ ತೂತಿಲ್ಲದ, ತುದಿ ಮುಚ್ಚಿದ ಜಾತಿಯನ್ನೇ ಕೊಳ್ಳಿ. ಸಂದು ಮುಚ್ಚಿ, ಅದರ ಉದ್ದಕ್ಕೂ ಹೊಸ ತೂತುಗಳನ್ನು ಇಟ್ಟರೆ ಏನು ಬಂತು? ಎಲ್ಲ ಮುಗಿದ ಮೇಲೆ ಮತ್ತೆ ಪೈಪ್ ಹಿಡಿದು ಹಂತ 1 ಮಾಡಿ.

ತೊಂದರೆ ಮತ್ತು ಪರಿಹಾರ

*ಸಂದು ಸೋರುತ್ತಿಲ್ಲ, ಆದರೂ ಹಾಸಿಗೆ ಒದ್ದೆ.* ಕಿಟಕಿ. ಹಂತ 1ನ್ನು ಹಾರಿಸಿ ಬಂದಿದ್ದೀರಿ.

*ಕಿಟಕಿಯೂ ಸರಿಯಿದೆ.* ಫಾಯಿಲ್ ನೋಡಿ.

*ಬಾಗಿಲು ಹಾಕಲು ಬರುತ್ತಿಲ್ಲ.* ಹಂತ 3ನ್ನು ಹಾರಿಸಿದ್ದೀರಿ. ಇದಕ್ಕೆ ಪರಿಹಾರವಾಗಿ ಗ್ರೈಂಡರನ್ನು ಮತ್ತೆ ಪ್ಲಗ್‌ಗೆ ಚುಚ್ಚಿ.

*ನಾಳೆ ಬೆಳಿಗ್ಗೆ ಹೊರಡಬೇಕು, ಮೋಡ ಕವಿದಿದೆ, ಕೈಯಲ್ಲಿ ಸಿಲಿಕೋನ್ ಟ್ಯೂಬ್ ಇದೆ.* ಟ್ಯೂಬನ್ನು ಕೆಳಗಿಡಿ. ಡಾಬಿನ ಮೇಲೆ ಅಗಲದ ಟೇಪ್ ಹಚ್ಚಿ ಹೊರಡಿ. ವಾರ ಬಿಟ್ಟು ಬಂದು ಕಿತ್ತರೆ ಬರುತ್ತದೆ. ನೋಡಲು ಅಸಹ್ಯ, ಆದರೆ ಅದರಿಂದ ಯಾರ ಬೇಸಿಗೆಯೂ ಹಾಳಾಗುವುದಿಲ್ಲ.

ದಾಖಲೆ ಮತ್ತು ಖಾತರಿ

ಗಾಡಿ ಒಂದು ದಿನ ಕೈಬದಲಾಗುತ್ತದೆ. ಐವತ್ತು ವರ್ಷ ದಾಟಿದ ಬೋಲರ್‌ಗಳೇ ಇನ್ನೂ ರಸ್ತೆಯ ಮೇಲಿವೆ. ಈ ಗೋಡೆ ಯಾವ ಮಾಲೀಕರಿಗಿಂತಲೂ ಹೆಚ್ಚು ಬಾಳುವಂಥದ್ದು. ಅಂದರೆ ಈ ಕೈಪಿಡಿಯ ಪರಿಭಾಷೆಯಂತೆ ತಾವು ಹಿಂಮಾ ಆಗುವುದು ಖಚಿತ, ಯಾವಾಗ ಎಂಬುದಷ್ಟೇ ಬಾಕಿ.

ಆದ್ದರಿಂದ ಅಲಮಾರಿಯ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿ, ಈ ನಾಲ್ಕನ್ನು ಬರೆಯಿರಿ. ಕೆಲಸ ಮಾಡಿದ ತಿಂಗಳು, ವರ್ಷ. ಸಂದಿನ ಯಾವ ಭಾಗ ಹೊಸದು, ಯಾವುದು ಕಾರ್ಖಾನೆಯದು. ರೆಸಿನ್ ಯಾವುದು, ಎಪಾಕ್ಸಿಯಾದರೆ ದಪ್ಪ ಅಕ್ಷರದಲ್ಲಿ, ಏಕೆಂದರೆ ಅದರ ಮೇಲೆ ಮುಂದಿನವರು ಪಾಲಿಯೆಸ್ಟರ್ ಹಾಕಬಾರದು. ಡಾಬಿನ ಕೆಳಗೆ ಏನಿದೆ. ಯಾವ ಹಿಂಮಾ ಅವರೂ ತಮಗಾಗಿ ಇಂಥದೊಂದು ಚೀಟಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಹಂತ 4 ಅರ್ಧ ಗಾತ್ರದ್ದಾಗುತ್ತಿತ್ತು.

ಚೀಟಿ ಅಂಟಿಸದವರಿಗೆ ಈ ಕೈಪಿಡಿಯ ಖಾತರಿ ಅನ್ವಯಿಸುವುದಿಲ್ಲ. ಅಂಟಿಸಿದವರಿಗೂ ಅನ್ವಯಿಸುವುದಿಲ್ಲ. ಆದರೆ ಮುಂದೆ ಬರಲಿರುವ ಬೈಗುಳದಲ್ಲಿ ಅವರಿಗೆ ಗಣನೀಯ ರಿಯಾಯಿತಿ ಉಂಟು.